ನಡುಮನೆಯ ಪೆಟ್ಟಿಗೆ

ನಮ್ಮ ಹಿರಿಯರು ಮನೆ ಕಟ್ಟಿದಾಗ ಪ್ರತಿಯೊಂದು ಕೋಣೆಗೂ ಅದರ ಕೆಲಸವನ್ನೇ ಹೆಸರಾಗಿ ಇಟ್ಟರು. ಅಡುಗೆ ಮಾಡುವ ಜಾಗ ಅಡುಗೆಮನೆಯಾಯಿತು, ಸ್ನಾನದ ಜಾಗ ಬಚ್ಚಲುಮನೆಯಾಯಿತು, ದನ ಕಟ್ಟುವ ಜಾಗ ಕೊಟ್ಟಿಗೆಯಾಯಿತು. ಒಂದು ಕೋಣೆಗೆ ಮಾತ್ರ ಅವರು ಯಾವ ಕೆಲಸದ ಹೆಸರನ್ನೂ ಕೊಡಲಿಲ್ಲ. ಅದು ಇರುವ ಸ್ಥಳವನ್ನಷ್ಟೇ ಹೇಳಿ ‘ನಡುಮನೆ’ ಎಂದು ಕರೆದು ಸುಮ್ಮನಾದರು. ಅಲ್ಲಿ ಬೀಡಿ ಕಟ್ಟಿದರು, ಹೂ ಪೋಣಿಸಿದರು, ಮಕ್ಕಳಿಗೆ ಪಾಠ ಹೇಳಿದರು, ಹೆಣ್ಣು ನೋಡುವ ಶಾಸ್ತ್ರ ನಡೆಸಿದರು, ಕೊನೆಗೆ ತೀರಿಕೊಂಡವರನ್ನೂ ಅಲ್ಲಿಯೇ ಮಲಗಿಸಿದರು. ಒಟ್ಟಾಗಿ ಇರುವುದೇ ಆ ಕೋಣೆಯ ಕೆಲಸವಾಗಿತ್ತು.

ಈ ತಿಂಗಳು ನಾನು ತಮ್ಮೊಡನೆ ಹಂಚಿಕೊಳ್ಳಬಯಸುವುದು ಆ ನಡುಮನೆಗೆ ಬಂದಿರುವ ಒಂದು ಹೊಸ ಪೆಟ್ಟಿಗೆಯ ಬಗ್ಗೆ. ‘ಹೋಮ್ ಮೀಡಿಯಾ ಸೆಂಟರ್’ ಎಂದು ಅದನ್ನು ಕರೆಯುತ್ತಾರೆ. ಬುತ್ತಿಯ ಡಬ್ಬಿಯಷ್ಟು ಗಾತ್ರದ ಒಂದು ಚಿಕ್ಕ ಗಣಕಯಂತ್ರವನ್ನು ಟಿ.ವಿ.ಗೆ ಜೋಡಿಸಿ, ಮನೆಯಲ್ಲಿರುವ ಹಾಡು, ಚಿತ್ರ, ಛಾಯಾಚಿತ್ರ, ಮದುವೆಯ ವಿಡಿಯೊ ಎಲ್ಲವನ್ನೂ ಅದರಲ್ಲಿ ತುಂಬಿಸಿ, ಬೇಕೆಂದಾಗ ಎಲ್ಲರೂ ಕುಳಿತು ನೋಡುವ ವ್ಯವಸ್ಥೆ ಇದು.

ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವರಿಗೆ ಯಾವ ಪದವನ್ನು ಕಂಡರೂ ಅದರ ಬೇರು ಹುಡುಕುವ ಚಪಲ. ‘ಮೀಡಿಯಾ’ ಎಂಬುದು ಲ್ಯಾಟಿನ್ನಿನ ‘ಮೇದಿಯುಂ’ ಎಂಬುದರ ಬಹುವಚನ. ನಡುವೆ ಇರುವುದು ಎಂದು ಅದರ ಅರ್ಥ. ನಮ್ಮ ‘ಮಾಧ್ಯಮ’ವೂ ಅದೇ ಅರ್ಥವನ್ನು ಹೊತ್ತಿದೆ. ‘ಸೆಂಟರ್’ ಮತ್ತು ನಮ್ಮ ‘ಕೇಂದ್ರ’ ಎರಡೂ ಒಂದೇ ಗ್ರೀಕ್ ಪದದ ಮಕ್ಕಳು. ‘ಕೆಂತ್ರೋನ್’ ಎಂದರೆ ಚೂಪಾದ ಮೊನೆ. ವೃತ್ತ ಎಳೆಯುವಾಗ ಕೈವಾರದ ಯಾವ ಕಾಲು ಕದಲದೆ ಊರಿರುತ್ತದೆಯೋ ಆ ಮೊನೆ. ಜ್ಯೋತಿಶ್ಶಾಸ್ತ್ರದ ದಾರಿಯಾಗಿ ಅದು ಸಂಸ್ಕೃತಕ್ಕೆ ಬಂದು ಕೇಂದ್ರವಾಯಿತು. ಇದೇ ಸಾಲಿಗೆ ಸೇರುವ ಇನ್ನೊಂದು ಪದ ‘ಫೋಕಸ್’. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಮನೆಯ ಒಲೆ. 1604ರಲ್ಲಿ ಖಗೋಳಶಾಸ್ತ್ರಜ್ಞ ಕೆಪ್ಲರ್ ಬೆಳಕಿನ ಬಗೆಗಿನ ತನ್ನ ಗ್ರಂಥದಲ್ಲಿ ಈ ಪದವನ್ನು ಗಣಿತದ ನಾಭಿಬಿಂದುವಿಗೆ ಬಳಸಿದನು. ಅಂದಿನಿಂದ ಒಲೆಯು ಮಸೂರದೊಳಕ್ಕೆ ಹೋಯಿತು. ಹಿಂದೆ ಮನೆಮಂದಿಯ ಕಣ್ಣುಗಳು ಒಲೆಯ ಬೆಂಕಿಯ ಮೇಲೆ ಕೂಡುತ್ತಿದ್ದವು, ಇಂದು ಪರದೆಯ ಮೇಲೆ ಕೂಡುತ್ತವೆ. ಆದುದರಿಂದ ಆ ಮೊನೆಯನ್ನು ಊರುವವರು ಯಾರು, ಒಲೆಗೆ ಸೌದೆ ಒಡ್ಡುವವರು ಯಾರು ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮ ನಾಡಿನಲ್ಲಿ ಮನೆಯೇ ಮಾಧ್ಯಮದ ಕೇಂದ್ರವಾದ ಒಂದು ಸುಂದರ ನಿದರ್ಶನವಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ನಿಲಯದಿಂದ. ದೇಶದ ಬಾನುಲಿ ಸಂಸ್ಥೆಯು ಮುಂದೆ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಒಂದು ಮನೆಯ ಮಾತು ಊರಿಗೆ ಹೋದ ಕಾಲ ಅದು. ಅನಂತರ ಹರಿವು ತಿರುಗಿ, ಹೊರಗಿನ ಮಾತು ಮನೆಯೊಳಕ್ಕೆ ಬರತೊಡಗಿತು. 1982ರ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ ಒಂದು ಟಿ.ವಿ. ಇದ್ದ ಮನೆಯ ನಡುಮನೆಯಲ್ಲಿ ಇಡೀ ಬೀದಿಯೇ ಕುಳಿತಿರುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಯಾರು ಯಾವ ಜಾತಿ, ಯಾವ ಮತ ಎಂಬ ವಿಚಾರವಿಲ್ಲದೆ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ದಿನಗಳವು. ಬಳಿಕ ಕೇಬಲ್ ಬಂದಿತು, ಡಿಷ್ ಬಂದಿತು. 2016ರಿಂದೀಚೆಗೆ ಅಗ್ಗದ ಅಂತರಜಾಲದೊಡನೆ ಪ್ರತಿಯೊಬ್ಬರ ಅಂಗೈಗೂ ಒಂದೊಂದು ಪರದೆ ಬಂದಿತು. ನಡುಮನೆಯಲ್ಲಿ ಐದು ಜನ ಇದ್ದರೆ ಐದು ಒಲೆಗಳು ಉರಿಯುತ್ತಿವೆ. ಒಬ್ಬರ ಬೆಂಕಿ ಇನ್ನೊಬ್ಬರನ್ನು ಬೆಚ್ಚಗಿಡುವುದಿಲ್ಲ.

ಇಂತಹ ಹೊತ್ತಿನಲ್ಲಿ ಈ ಪುಟ್ಟ ಪೆಟ್ಟಿಗೆ ನನ್ನ ಗಮನವನ್ನು ಸೆಳೆಯಿತು. ಇದು ಹೊಸ ಕಲ್ಪನೆಯೇನೂ ಅಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿಯೇ ಟಿ.ವಿ. ಎದುರು ಕುಳಿತು ಬಳಸಲೆಂದು ವಿಂಡೋಸ್‌ನ ಒಂದು ಪ್ರತ್ಯೇಕ ಆವೃತ್ತಿಯನ್ನು ಹೊರತಂದಿತ್ತು. 2005ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಆರೂವರೆ ಅಂಗುಲ ಚೌಕದ, ಎರಡು ಅಂಗುಲ ಎತ್ತರದ ‘ಮ್ಯಾಕ್ ಮಿನಿ’ಯನ್ನು ಪ್ರಕಟಿಸಿತು. ಅದರೊಡನೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಇದ್ದುದಕ್ಕೆ ಜೋಡಿಸಿಕೊಳ್ಳಿರಿ ಎಂಬುದು ಅದರ ಧಾಟಿ. ಅನೇಕರು ಅದನ್ನು ಟಿ.ವಿ.ಗೇ ಜೋಡಿಸಿದರು. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ದತ್ತಿ ಸಂಸ್ಥೆಯು ಮಕ್ಕಳ ಕಲಿಕೆಗೆಂದು ಹೊರತಂದ ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಯಂತ್ರವೂ ಬಹುಬೇಗ ಟಿ.ವಿ.ಗಳ ಹಿಂದೆ ಸೇರಿಕೊಂಡಿತು. ಇವುಗಳನ್ನು ನಡೆಸುವ ತಂತ್ರಾಂಶಗಳೂ ಬಹುಮಟ್ಟಿಗೆ ಉಚಿತ. ‘ವಿಎಲ್‌ಸಿ’ 1996ರಲ್ಲಿ ಫ್ರಾನ್ಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿತು. ಒಂದು ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ತಂತ್ರಾಂಶವೇ ಬೆಳೆದು, 2014ರಲ್ಲಿ ‘ಕೋಡಿ’ ಎಂಬ ಹೆಸರು ಪಡೆದು, ಇಂದು ಲೋಕದ ಎಷ್ಟೋ ನಡುಮನೆಗಳಲ್ಲಿ ಕೆಲಸ ಮಾಡುತ್ತಿದೆ.

ಈಗಂತೂ ಇಂತಹ ಯಂತ್ರವನ್ನು ಹೊಂದಿಸಿಕೊಳ್ಳುವುದು ಸುಲಭ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು; ವಿಂಡೋಸ್ 11 ಹಾಕಲು ಒಪ್ಪದ ಹಳೆಯ ಚಿಕ್ಕ ಡೆಸ್ಕ್‌ಟಾಪ್‌ಗಳನ್ನು ಕಚೇರಿಗಳು ಹೊರಗೆ ಹಾಕುತ್ತಿವೆ. ನಮ್ಮ ಗುರುನಿವಾಸಕ್ಕೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಿಂದ ಅಂತಹ ಒಂದು ಸೆಕೆಂಡ್ ಹ್ಯಾಂಡ್ ಯಂತ್ರವನ್ನು ತರಿಸಿ, ವಿಂಡೋಸ್ ತೆಗೆದು ಉಚಿತವಾದ ಲಿನಕ್ಸ್ ಹಾಕಿ, ಅದರ ಮೇಲೆ ಕೋಡಿಯನ್ನು ಕೂರಿಸಿದೆವು. ಅದು ನಮ್ಮ ಪೂಜಾಗ್ರಂಥಕ್ಕಿಂತ ಚಿಕ್ಕದು. ಸುಮ್ಮನಿರುವಾಗ ಸುಮಾರು ಹತ್ತು ವಾಟ್ ವಿದ್ಯುತ್ತನ್ನು ಮಾತ್ರ ಬೇಡುತ್ತದೆ. ತಿಂಗಳು ಪೂರ್ತಿ ಹಗಲಿರುಳು ಉರಿದರೂ ಏಳು ಯೂನಿಟ್ಟಿನಷ್ಟು. ಮಾಡಬಯಸುವವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಒಳಿತು. ಕಚೇರಿಯ ಯಂತ್ರಗಳಲ್ಲಿ ಕೆಲವಕ್ಕೆ ಟಿ.ವಿ.ಗೆ ಹೊಂದುವ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ. ಮಾರ್ಪಡಿಸುವ ತುಂಡು ಕೇಬಲ್ ಬೇಕಾಗುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ, ಧ್ವನಿಯು ಟಿ.ವಿ.ಯ ಕಡೆ ಹೋಗುವಂತೆ ಸೆಟ್ಟಿಂಗಿನಲ್ಲಿ ಆರಿಸಬೇಕು. ಟಿ.ವಿ.ಯ ರಿಮೋಟಿಗೆ ಇಂತಹ ಯಂತ್ರಗಳು ಸಾಮಾನ್ಯವಾಗಿ ಓಗೊಡುವುದಿಲ್ಲ. ಮೊಬೈಲಿನ ಒಂದು ಉಚಿತ ಆ್ಯಪ್ ಅಥವಾ ತಂತಿಯಿಲ್ಲದ ಪುಟ್ಟ ಕೀಲಿಮಣೆ ಆ ಕೆಲಸ ಮಾಡುತ್ತದೆ. ತೀರ ಹಳೆಯ ಯಂತ್ರವಾದರೆ ಇಂದಿನ 4ಕೆ ಚಿತ್ರಗಳನ್ನು ತಡವರಿಸುತ್ತಾ ತೋರಿಸೀತು. ಮನೆಯ ವಿಡಿಯೊಗಳಿಗೆ ಅದು ಧಾರಾಳ ಸಾಕು.

ಇಷ್ಟಾದರೂ ಇದು ಕೇವಲ ಯಂತ್ರದ ಮಾತು. ಈ ಪೆಟ್ಟಿಗೆ ಒಂದು ಮನೆಗೆ ಏನು ಮಾಡಬಲ್ಲುದು ಎಂಬುದನ್ನು ನಾನು ಕಂಡದ್ದು ನಮ್ಮ ಧರ್ಮಕೇಂದ್ರದ ಒಂದು ಕುಟುಂಬದಲ್ಲಿ.

ಆ ಮನೆಯ ಯಜಮಾನರು ಶಾಲೆಯ ಮೇಷ್ಟ್ರಾಗಿದ್ದವರು. ಊರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು; ಸಂಜೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಟೇಪ್‌ರೆಕಾರ್ಡರನ್ನು ಹಾಕಿಡುವ ರೂಢಿ ಅವರಿಗಿತ್ತು. ಅವರು ತೀರಿಕೊಂಡು ಹಲವು ವರ್ಷಗಳ ಬಳಿಕ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹನ್ನೊಂದು ಕ್ಯಾಸೆಟ್ಟುಗಳು ಸಿಕ್ಕವು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಲೋಕಕ್ಕೆ ಕೊಟ್ಟ ಆ ಪುಟ್ಟ ಕ್ಯಾಸೆಟ್ಟು ನಮ್ಮ ತಲೆಮಾರಿನ ಎಷ್ಟು ದನಿಗಳನ್ನು ಹಿಡಿದಿಟ್ಟಿದೆಯೋ! ಆದರೆ ಅದನ್ನು ನುಡಿಸುವ ಯಂತ್ರ ಈಗ ಮನೆಗಳಲ್ಲಿ ಅಪರೂಪ. ಮದುವೆಯ ವಿ.ಎಚ್.ಎಸ್. ಸುರುಳಿಗಳ ಗತಿಯೂ ಹೀಗೆಯೇ. ಆ ಪ್ಲೇಯರನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಸಂಸ್ಥೆ 2016ರಲ್ಲಿ ನಿಲ್ಲಿಸಿತು.

ನೆಂಟರ ಮನೆಯಿಂದ ಒಂದು ಹಳೆಯ ಟೇಪ್‌ರೆಕಾರ್ಡರ್ ಬಂದಿತು. ಮಗ ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆ ಮುಂದಕ್ಕೂ ಹಿಂದಕ್ಕೂ ಓಡಿಸಿ ಸಡಿಲಿಸಿ, ಒಂದು ತಂತಿಯ ಮೂಲಕ ಚಿಕ್ಕ ಗಣಕಯಂತ್ರಕ್ಕೆ ಜೋಡಿಸಿದನು. ಇಲ್ಲಿ ಒಂದು ವಿಶೇಷವನ್ನು ತಾವು ಗಮನಿಸಬೇಕು. ಇಂದು ಸಾವಿರ ಛಾಯಾಚಿತ್ರಗಳನ್ನು ನಿಮಿಷಗಳಲ್ಲಿ ನಕಲು ಮಾಡಬಹುದು. ಮನೆಯ ಟೇಪ್‌ರೆಕಾರ್ಡರಿಗೆ ಆ ಆತುರ ತಿಳಿಯದು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಯಂತ್ರಕ್ಕೆ ಇಳಿಸಲು ಅರವತ್ತು ನಿಮಿಷವೇ ಬೇಕು. ನಡುವೆ ಎದ್ದು ಮಗುಚಿ ಹಾಕಲೂ ಬೇಕು. ಹೀಗಾಗಿ ಹನ್ನೊಂದು ಸಂಜೆ ಆ ಮನೆಯವರು ನಡುಮನೆಯಲ್ಲಿ ಕುಳಿತು ಕೇಳಲೇಬೇಕಾಯಿತು. ನಾಲ್ಕನೆಯ ಸಂಜೆ ನಾನೂ ಅಲ್ಲಿದ್ದೆ. ಹಾರ್ಮೋನಿಯಂ ನಡುವೆ ಒಮ್ಮೆಲೇ ನಿಂತಿತು. ಮೇಷ್ಟ್ರ ದನಿ ಕೇಳಿಸಿತು: “ಮಗು ಎದ್ದಿತೇನೋ ನೋಡೇ.” ದೂರದಿಂದ ಅಳುವಿನ ಸದ್ದು. ಮತ್ತೆ ಹಾರ್ಮೋನಿಯಂ, ಈ ಬಾರಿ ಮೆಲ್ಲಗೆ.

ಆ ಮಗುವೇ ಈಗ ನಲವತ್ತು ದಾಟಿ, ತಂತಿ ಹಿಡಿದು ನಮ್ಮೆದುರು ಕುಳಿತಿದ್ದನು. ಯಾರೂ ಮಾತನಾಡಲಿಲ್ಲ. ಅವನ ಮಗಳು ಮಾತ್ರ, “ಅಜ್ಜಿ, ಅಳ್ತಾ ಇರೋದು ಅಪ್ಪನಾ?” ಎಂದು ಕೇಳಿದಳು. ಅಜ್ಜಿ ತಲೆಯಾಡಿಸಿದರು. ತಾತನನ್ನು ಕಂಡೇ ಇರದ ಆ ಹುಡುಗಿ ಅಂದಿನಿಂದ ಉಳಿದ ಸಂಜೆಗಳಲ್ಲಿ ಕ್ಯಾಸೆಟ್ಟು ಮಗುಚುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಓದುಗರೇ, ಅರವತ್ತು ನಿಮಿಷದ ಇಂತಹ ಧ್ವನಿಯನ್ನು ಎಂಪಿ3 ರೂಪದಲ್ಲಿ ಇಟ್ಟರೆ ಸುಮಾರು ಅರವತ್ತು ಎಂಬಿ ಸಾಕು. ಒಂದು ಟೆರಾಬೈಟ್‌ನ ಡಿಸ್ಕಿನಲ್ಲಿ ಸುಮಾರು ಎರಡು ವರ್ಷ ಎಡೆಬಿಡದೆ ಹಗಲಿರುಳು ಕೇಳುವಷ್ಟು ಧ್ವನಿಗೆ ಸ್ಥಳವಿದೆ. ಸ್ಥಳದ ಕೊರತೆ ಇಂದು ಯಾರಿಗೂ ಇಲ್ಲ. ಕೂಡಿಡಬೇಕೆಂಬ ಮನಸ್ಸು, ಕುಳಿತು ಕೇಳುವ ಸಂಜೆ, ಇವೆರಡಕ್ಕೆ ಬರಗಾಲ.

‘ಎಲ್ಲವೂ ಅಂತರಜಾಲದಲ್ಲಿ ಸಿಗುವಾಗ ಮನೆಯಲ್ಲಿ ಏಕೆ ಕೂಡಿಡಬೇಕು?’ ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಿಂಗಳ ಚಂದಾ ಕಟ್ಟಿ ನೋಡುವ ಸೇವೆಗಳು ಒಳ್ಳೆಯ ಚಿತ್ರಗಳನ್ನೂ ಕೊಡುತ್ತವೆ. ಅವುಗಳನ್ನು ನಾನು ಹೀಗಳೆಯಲಾರೆ. ಆದರೆ ಅಲ್ಲಿ ನಾವು ಬಾಡಿಗೆದಾರರು. ಇಂದು ಇದ್ದ ಚಿತ್ರ ಒಪ್ಪಂದ ಮುಗಿದೊಡನೆ ನಾಳೆ ಇರುವುದಿಲ್ಲ. ಹಣ ಕೊಟ್ಟು ಕೊಂಡದ್ದಕ್ಕೂ ಭರವಸೆಯಿಲ್ಲ: 2009ರಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳನ್ನು, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಕೊಂಡವರ ಓದುಯಂತ್ರಗಳಿಂದಲೇ ದೂರದಿಂದ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಅನಂತರ ಕ್ಷಮೆಯನ್ನೂ ಕೇಳಿತು. ಆದರೂ ನಮ್ಮ ಕಪಾಟಿಗೆ ಇನ್ನೊಬ್ಬರ ಕೈ ನಿಲುಕುತ್ತದೆ ಎಂಬುದು ಆ ದಿನ ಎಲ್ಲರಿಗೂ ತಿಳಿಯಿತು. ಇನ್ನು ಮೇಷ್ಟ್ರ ಹಾರ್ಮೋನಿಯಂ ಯಾವ ಸೇವೆಯ ಪಟ್ಟಿಯಲ್ಲೂ ಸಿಗುವುದಿಲ್ಲ. ಅದನ್ನು ಕಾಪಾಡುವ ಹೊಣೆ ಆ ಮನೆಯದು ಮಾತ್ರ.

ಮತ್ತೊಂದು ವ್ಯತ್ಯಾಸವನ್ನು ನಾನು ನಿಧಾನವಾಗಿ ಅರಿತೆ. ಚಂದಾ ಸೇವೆಗಳಲ್ಲಿ ಒಂದು ಕಂತು ಮುಗಿಯುತ್ತಿದ್ದಂತೆ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನಾಗಿ ಆರಂಭವಾಗುತ್ತದೆ. ನೋಡಿದ್ದು ಮನಸ್ಸಿಗೆ ಇಳಿಯುವ ಮುನ್ನವೇ ಮುಂದಿನ ತುತ್ತು ಬಾಯಿಗೆ ಬಂದಿರುತ್ತದೆ. ನಮ್ಮ ಪೆಟ್ಟಿಗೆ ಹಾಗಲ್ಲ. ನಾವು ಆರಿಸಿದ್ದು ಮುಗಿಯಿತೆಂದರೆ ಮುಗಿಯಿತು; ಪರದೆ ಪಟ್ಟಿಗೆ ಮರಳಿ ಸುಮ್ಮನೆ ಕಾಯುತ್ತದೆ. ಆ ಮೌನದಲ್ಲಿಯೇ ಮಾತು ಹುಟ್ಟುವುದು. ‘ಆ ಸೀರೆ ಉಟ್ಟವರು ಯಾರು?’, ‘ಆ ಮನೆ ಈಗ ಇದೆಯೇ?’, ‘ಇವರೊಡನೆ ನಾವು ಮಾತು ಬಿಟ್ಟದ್ದು ಏಕೆ?’ ಎಂಬ ಪ್ರಶ್ನೆಗಳು ಮದುವೆಯ ವಿಡಿಯೊ ಮುಗಿದ ಮೇಲೆ ಏಳುತ್ತವೆ. ನನ್ನ ಅನುಭವದಲ್ಲಿ, ಮುರಿದ ಸಂಬಂಧಗಳ ಕುರಿತು ಉಪದೇಶ ಹೇಳಿ ಮೂಡಿಸಲಾಗದ ಯೋಚನೆಯನ್ನು ಹಳೆಯದೊಂದು ಗುಂಪುಚಿತ್ರ ಮೂಡಿಸಬಲ್ಲುದು. ಜೊತೆಗೆ, ಒಂದೇ ಪರದೆ ಎಂದ ಮೇಲೆ ಯಾರಾದರೊಬ್ಬರು ಬಿಟ್ಟುಕೊಡಬೇಕಾಗುತ್ತದೆ. ಇವತ್ತು ಅಜ್ಜಿಯ ಹಳೆಯ ಚಿತ್ರ, ನಾಳೆ ಮೊಮ್ಮಗನ ಕಾರ್ಟೂನು. ಈ ಬಿಟ್ಟುಕೊಡುವಿಕೆ ಅಂಗೈಯ ಪರದೆಗಳಲ್ಲಿ ಕಲಿಯಲಾಗದ ಪಾಠ.

ಇಷ್ಟೆಲ್ಲ ಹೇಳಿದ ಮೇಲೆ ಅದರ ದೌರ್ಬಲ್ಯಗಳನ್ನೂ ಹೇಳದಿದ್ದರೆ ಅದು ಅರ್ಧ ಸತ್ಯವಾಗುತ್ತದೆ.

ಮೊದಲನೆಯದಾಗಿ, ಪೆಟ್ಟಿಗೆ ನಮ್ಮದೆಂಬ ಮಾತ್ರಕ್ಕೆ ಅದರಲ್ಲಿರುವುದೆಲ್ಲ ನಮ್ಮದಾಗುವುದಿಲ್ಲ. ಹೊಸ ಚಲನಚಿತ್ರಗಳ ಕದ್ದ ಪ್ರತಿಗಳನ್ನು ತುಂಬಿಸಿಕೊಂಡು ‘ಮೀಡಿಯಾ ಸೆಂಟರ್’ ಎಂದು ಬೀಗುವವರನ್ನು ನಾನು ಕಂಡಿದ್ದೇನೆ. ಒಂದು ಕನ್ನಡ ಚಿತ್ರದ ಹಿಂದೆ ಲೈಟ್ ಹಿಡಿಯುವವರಿಂದ ಹಿಡಿದು ಊಟ ಬಡಿಸುವವರ ತನಕ ಎಷ್ಟೋ ಜನರ ಬೆವರಿದೆ. ಕೊಳ್ಳುವುದನ್ನು ಕೊಂಡು, ನಮ್ಮದಾದುದನ್ನು ಕೂಡಿಟ್ಟರೆ ಸಾಕು; ಆ ಪೆಟ್ಟಿಗೆ ಅಷ್ಟರಿಂದಲೇ ತುಂಬಿದ್ದೆಂದು ತಿಳಿಯೋಣ.

ಎರಡನೆಯದಾಗಿ, ಡಿಸ್ಕು ಕೆಡುತ್ತದೆ. ಕೆಡುವುದೇ ಎಂದು ಕೇಳಬೇಡಿರಿ. ಯಾವಾಗ ಎಂದಷ್ಟೇ ಕೇಳಿರಿ. ತಿಳಿದವರು ಹೇಳುವ ಸೂತ್ರ ಸರಳವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ. ಬೀಜದ ಭತ್ತವನ್ನು ಒಂದೇ ವಾಡೆಯಲ್ಲಿ ಇಡಬಾರದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ, ಇದೂ ಹಾಗೆಯೇ. ಪ್ರತಿ ಕಡತದ ಹೆಸರನ್ನು ಇಸವಿಯಿಂದ ಆರಂಭಿಸಿರಿ, ಯಾರ ದನಿ, ಯಾವ ಊರು ಎಂದು ಸೇರಿಸಿರಿ. ಹೆಸರಿಲ್ಲದ ಛಾಯಾಚಿತ್ರ ಎರಡು ತಲೆಮಾರಿನಲ್ಲಿ ಅಪರಿಚಿತರ ಛಾಯಾಚಿತ್ರವಾಗಿಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೇಷ್ಟ್ರ ಮಗನಿಗೆ ಮುಂದೆ ಪುಣೆಗೆ ವರ್ಗವಾಗಿ, ಸಂಸಾರ ಸಮೇತ ಹೊರಟುಹೋದನು. ಒಂದು ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಯಂತ್ರವು ಪಾಸ್‌ವರ್ಡ್ ಕೇಳುತ್ತಾ ನಿಂತುಬಿಟ್ಟಿತು. ನಾನು ಭೇಟಿಗೆ ಹೋದಾಗ ಆ ತಾಯಿ ಟಿ.ವಿ.ಯ ಕಡೆ ಕೈ ತೋರಿಸಿ, “ಫಾದರ್, ಅವರ ದನಿ ಒಳಗೇ ಇದೆ. ಬೀಗದ ಕೈ ಮಾತ್ರ ಪುಣೆಯಲ್ಲಿದೆ” ಎಂದರು. ಮೂರು ವಾರದಿಂದ ಅವರು ಕೇಳಿರಲಿಲ್ಲ. ಮಗನಿಗೆ ತೊಂದರೆಯೇಕೆಂದು ಫೋನಿನಲ್ಲಿ ಹೇಳಿಯೂ ಇರಲಿಲ್ಲ. ಅವರ ಎದುರಿನಲ್ಲಿಯೇ ಮಗನಿಗೆ ಕರೆ ಮಾಡಿದೆವು. ಆತ ಹೇಳಿದಂತೆ ನಮ್ಮ ಯುವಕನೊಬ್ಬ ಎರಡು ಬದಲಾವಣೆಗಳನ್ನು ಮಾಡಿದನು: ಕರೆಂಟು ಬಂದೊಡನೆ ಯಂತ್ರ ತಾನಾಗಿ ಎದ್ದುಕೊಳ್ಳಬೇಕು, ಎದ್ದೊಡನೆ ಏನನ್ನೂ ಕೇಳದೆ ಪಟ್ಟಿಯನ್ನು ತೋರಿಸಬೇಕು. ಬಳಿಕ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಯಾವ ಗುಂಡಿಯ ನಂತರ ಯಾವ ಗುಂಡಿ ಎಂದು ಆರು ಸಾಲು ಬರೆದು ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿದೆವು. ಪಾಸ್‌ವರ್ಡನ್ನು ಇನ್ನೊಂದು ಚೀಟಿಯಲ್ಲಿ ಬರೆದು ಮನೆಯ ಪತ್ರಗಳಿರುವ ಬೀರುವಿನಲ್ಲಿ ಇಟ್ಟೆವು. ಆ ತಾಯಿ ಚಾಳೀಸು ಹಾಕಿಕೊಂಡು ಒಂದೊಂದೇ ಸಾಲನ್ನು ಓದಿ, ಒಂದೊಂದೇ ಗುಂಡಿಯನ್ನು ಒತ್ತಿ, ನಾಲ್ಕನೆಯ ಕ್ಯಾಸೆಟ್ಟನ್ನು ತಾವೇ ಹಾಕಿದರು.

ಮನೆಯ ನೆನಪುಗಳು ಮನೆಯಲ್ಲಿಯೇ ಇದ್ದರೆ ಸಾಲದು. ಮನೆಯ ಅತ್ಯಂತ ಅಶಕ್ತರ ಕೈಗೂ ಅವು ಎಟುಕುವಂತಿರಬೇಕು. ಒಬ್ಬ ಜಾಣನ ಮೊಬೈಲಿಗೆ ಮಾತ್ರ ಓಗೊಡುವ ಪೆಟ್ಟಿಗೆ ನಡುಮನೆಯಲ್ಲಿ ಇದ್ದರೂ ನಡುಮನೆಯದಲ್ಲ. ಅಂತೆಯೇ, ಎಲ್ಲರನ್ನೂ ಕೂರಿಸುವ ಮನಸ್ಸಿಲ್ಲದ ಮನೆಯಲ್ಲಿ ಎಂತಹ ಯಂತ್ರವನ್ನು ತಂದಿಟ್ಟರೂ ಅದು ಐದು ಪರದೆಗಳ ಜೊತೆಗೆ ಆರನೆಯದಾಗುತ್ತದೆ, ಅಷ್ಟೆ.

ಆದುದರಿಂದ, ಪ್ರಿಯ ಓದುಗರೇ, ಈ ಬೇಸಗೆಯ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಾಗ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಕ್ಯಾಸೆಟ್ಟು, ಸುರುಳಿ, ಹಳೆಯ ಆಲ್ಬಮ್ಮು ಏನು ಸಿಕ್ಕರೂ ಕೆಳಗೆ ಇಳಿಸಿರಿ. ತೇವಕ್ಕೂ ಗೆದ್ದಲಿಗೂ ಅವನ್ನು ಬಿಟ್ಟುಕೊಡಬೇಡಿರಿ. ಯಂತ್ರವನ್ನು ಹೊಂದಿಸುವ ಕೆಲಸವನ್ನು ಯುವಕರಿಗೆ ಕೊಡಿರಿ. ಚಿತ್ರದಲ್ಲಿರುವವರು ಯಾರೆಂದು ಹೇಳುವ ಕೆಲಸವನ್ನು ಹಿರಿಯರಿಗೆ ಕೊಡಿರಿ. ಮಗುಚಿ ಹಾಕುವ ಕೆಲಸಕ್ಕೆ ಮನೆಯ ಅತಿ ಚಿಕ್ಕ ಮಗುವನ್ನು ಕರೆಯಿರಿ. ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ ಇದಾಗಲಿ. ದನಿಯನ್ನು ಡಿಸ್ಕು ಕಾಪಾಡಬಲ್ಲುದು, ಆದರೆ ಅದು ಯಾರ ದನಿ ಎಂದು ಹೇಳಬಲ್ಲವರು ಹೊರಟುಹೋದರೆ ಆ ಮಾಹಿತಿಯನ್ನು ಯಾವ ಅಂಗಡಿಯಿಂದಲೂ ತರಲಾಗದು.